ಲೈಮ್‌ವೈರ್ ಕಟ್ಟಿದವರು ನ್ಯೂಯಾರ್ಕ್‌ನ ಬೀದಿಗಿಳಿದದ್ದು

ನಿಮ್ಮ ಪ್ರಶ್ನೆ: ಫೈಲ್ ಹಂಚುವ ಸಾಫ್ಟ್‌ವೇರ್ ಮಾಡಿದವರು ಯಾರಾದರೂ ನಗರ ರಾಜಕೀಯಕ್ಕೆ ಬಂದಿದ್ದಾರಾ? ಬಂದಿದ್ದರೆ ಅವರ ಸಾಫ್ಟ್‌ವೇರ್ ಬುದ್ಧಿ ಅಲ್ಲಿ ಕೆಲಸಕ್ಕೆ ಬಂತಾ?

ಬಂದಿದ್ದಾರೆ, ಮಾರ್ಕ್ ಗಾರ್ಟನ್. ಜನ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದ ಲೈಮ್‌ವೈರ್ ಅನ್ನುವ ಸಾಫ್ಟ್‌ವೇರ್ ಶುರು ಮಾಡಿದ ಎಂಜಿನಿಯರ್. ಕಾರ್ಪೊರೇಟರ್ ಆಗಲಿಲ್ಲ, ಮೇಯರ್ ಆಗಲಿಲ್ಲ. ಆದರೂ ನ್ಯೂಯಾರ್ಕ್‌ನ ರಸ್ತೆಗಳು ಯಾರಿಗೆ ಸೇರಬೇಕು ಅನ್ನುವ ಜಗಳದಲ್ಲಿ ಅವರ ಪಾಲು ದೊಡ್ಡದು. ಎರಡನೇ ಪ್ರಶ್ನೆಗೆ ಉತ್ತರ: ಸ್ವಲ್ಪ ಬಂತು. ಜಾಸ್ತಿ ಕೆಲಸ ಮಾಡಿದ್ದು ಅವರ ದುಡ್ಡು ಮತ್ತು ಹಟ.

ನಾನು ನಕ್ಷೆಗಳ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು. ಜಿಯೋಸರ್ವರ್ ನಮಗೆ ದಿನನಿತ್ಯದ ಅನ್ನ. ನಕ್ಷೆಯ ಡೇಟಾವನ್ನು ಯಾರು ಬೇಕಾದರೂ ನೋಡುವ ಹಾಗೆ ಜಾಲದಲ್ಲಿ ಹಂಚುವ ಉಚಿತ ಸಾಫ್ಟ್‌ವೇರ್ ಅದು. ಅದನ್ನು 2001ರಲ್ಲಿ ಆರಂಭಿಸಿದ್ದು ಗಾರ್ಟನ್ ಕಟ್ಟಿದ ‘ದಿ ಓಪನ್ ಪ್ಲಾನಿಂಗ್ ಪ್ರಾಜೆಕ್ಟ್’ ಅನ್ನುವ ಸಂಸ್ಥೆ. ಊರಿನ ಯೋಜನೆಗಳ ಮಾಹಿತಿ, ನಕ್ಷೆ ಎಲ್ಲ ಜನರ ಕೈಗೆ ಸಿಕ್ಕರೆ ಜನರೇ ಯೋಜನೆ ಮಾಡುವುದರಲ್ಲಿ ಭಾಗವಹಿಸುತ್ತಾರೆ ಅನ್ನುವುದು ಅದರ ಹಿಂದಿನ ಆಸೆ.

ಲೈಮ್‌ವೈರ್‌ನಲ್ಲೂ ಇದೇ ಯೋಚನೆಯ ನೆರಳಿದೆ, ಅಲ್ವಾ? ಅದಕ್ಕೂ ಮುಂಚೆ ಹಾಡು ಹಂಚುತ್ತಿದ್ದ ನ್ಯಾಪ್‌ಸ್ಟರ್‌ನಲ್ಲಿ ಯಾರ ಹತ್ತಿರ ಯಾವ ಹಾಡಿದೆ ಅನ್ನುವ ಪಟ್ಟಿ ಕಂಪನಿಯ ಸರ್ವರ್‌ನಲ್ಲೇ ಇತ್ತು. ಕೋರ್ಟಿಗೆ ಅದನ್ನು ಹಿಡಿಯುವುದು ಸುಲಭವಾಯಿತು. ಲೈಮ್‌ವೈರ್ ಓಡುತ್ತಿದ್ದದ್ದು ನ್ಯುಟೆಲ್ಲಾ ಜಾಲದ ಮೇಲೆ. ಅಲ್ಲಿ ನಡುವೆ ಯಜಮಾನ ಇಲ್ಲ. ನಿಮ್ಮ ಕಂಪ್ಯೂಟರ್ ಪಕ್ಕದ ಕೆಲವನ್ನು ಕೇಳುತ್ತದೆ, ಅವು ತಮ್ಮ ಪಕ್ಕದವನ್ನು ಕೇಳುತ್ತವೆ. (ಹಾಡಿನ ಹೆಸರು ಒಂದು, ಇಳಿಸಿಕೊಂಡ ಮೇಲೆ ಒಳಗೆ ಇನ್ನೊಂದು. ಅದೃಷ್ಟ ಕೆಟ್ಟರೆ ವೈರಸ್. ಬಳಸಿದವರಿಗೆ ಗೊತ್ತು.)

2006ರಲ್ಲಿ ಎರಡು ಸಂಗತಿ ನಡೆದವು. ಹಾಡಿನ ಕಂಪನಿಗಳು ಲೈಮ್‌ವೈರ್ ಮೇಲೆ ಕೇಸು ಹಾಕಿದವು. ಅದೇ ವರ್ಷ ಗಾರ್ಟನ್ ದುಡ್ಡಿನಿಂದ ‘ಸ್ಟ್ರೀಟ್ಸ್‌ಬ್ಲಾಗ್’ ಅನ್ನುವ ಸುದ್ದಿತಾಣ ಶುರುವಾಯಿತು. ಫುಟ್‌ಪಾತ್, ಬಸ್ಸು, ಸೈಕಲ್ಲು, ಪಾರ್ಕಿಂಗ್ ಬಿಟ್ಟು ಅದರಲ್ಲಿ ಬೇರೆ ಸುದ್ದಿಯೇ ಕಡಿಮೆ. ಯಾವ ಜನಪ್ರತಿನಿಧಿ ಏನು ಹೇಳಿದ, ಯಾವ ರಸ್ತೆಯ ನಕ್ಷೆ ಬದಲಾಯಿತು, ಎಲ್ಲವನ್ನೂ ಬೆನ್ನು ಬಿಡದೆ ಬರೆದರು. ಜೊತೆಗೆ ರಸ್ತೆಗಳ ಬಗ್ಗೆ ವಿಡಿಯೋ ಮಾಡುವ ‘ಸ್ಟ್ರೀಟ್‌ಫಿಲ್ಮ್ಸ್’. ಭಾನುವಾರ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯನ್ನು ಕಾರುಗಳಿಗೆ ಮುಚ್ಚುವ ಕೊಲಂಬಿಯಾ ದೇಶದ ಬೊಗೊಟಾ ಊರಿನ ವಿಡಿಯೋವನ್ನು ಅವರು ನ್ಯೂಯಾರ್ಕಿನವರಿಗೆ ತೋರಿಸಿದರು. 2008ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಕೂಡ ಕೆಲವು ಶನಿವಾರ ರಸ್ತೆ ಮುಚ್ಚಿ ಜನರಿಗೆ ಬಿಟ್ಟಿತು.

ನನ್ನ ಲೆಕ್ಕದಲ್ಲಿ ಯಾವ ನಕ್ಷೆ ಸಾಫ್ಟ್‌ವೇರ್‌ಗಿಂತಲೂ ಸ್ಟ್ರೀಟ್ಸ್‌ಬ್ಲಾಗ್‌ನ ಈ ಕಾವಲು ದೊಡ್ಡದು. ಮಾಹಿತಿ ತೆರೆದಿಟ್ಟರೆ ಜನ ತಾವಾಗಿ ಬಂದು ಓದುವುದಿಲ್ಲ. ಯಾರೋ ಒಬ್ಬರು ಸಂಬಳ ತೆಗೆದುಕೊಂಡು ದಿನಾ ಸಭೆಯಲ್ಲಿ ಕೂತು ಬರೆಯಬೇಕು.

ಇದೆಲ್ಲ ಗಾರ್ಟನ್ ಒಬ್ಬರಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ. ಮೇಯರ್ ಬ್ಲೂಮ್‌ಬರ್ಗ್ 2007ರಲ್ಲಿ ಜೆನೆಟ್ ಸಾದಿಕ್-ಖಾನ್ ಅವರನ್ನು ಸಾರಿಗೆ ಕಮಿಷನರ್ ಮಾಡಿದರು. ಅದೇ ವರ್ಷ ನೈನ್ತ್ ಅವೆನ್ಯೂನಲ್ಲಿ ಹೊಸ ಥರದ ಸೈಕಲ್ ದಾರಿ ಬಂತು. ಫುಟ್‌ಪಾತ್ ಅಂಚಿಗೆ ಸೈಕಲ್ಲು, ಆಮೇಲೆ ಸ್ವಲ್ಪ ಜಾಗ, ಅದರಾಚೆ ಕಾರು ನಿಲ್ಲಿಸುವ ಸಾಲು. ನಿಂತ ಕಾರುಗಳೇ ಸೈಕಲ್‌ನವರಿಗೆ ಗೋಡೆ! 2009ರಲ್ಲಿ ಟೈಮ್ಸ್ ಸ್ಕ್ವೇರ್ ಹತ್ತಿರ ಬ್ರಾಡ್‌ವೇಯನ್ನು ಕಾರುಗಳಿಗೆ ಮುಚ್ಚಿದಾಗ, ಬೆಂಚುಗಳು ಇನ್ನೂ ತಯಾರಿಲ್ಲ ಅಂತ ಅಗ್ಗದ ಮಡಚುವ ಕುರ್ಚಿಗಳನ್ನು ತಂದು ಹಾಕಿದರು. ಜನ ಬಂದು ಕೂತೇಬಿಟ್ಟರು.

ಸೋಲೂ ಇತ್ತು. ಮ್ಯಾನ್‌ಹಟನ್‌ನ ಕಿಕ್ಕಿರಿದ ಭಾಗಕ್ಕೆ ಬರುವ ಕಾರಿಗೆ 8 ಡಾಲರ್ ಹಾಕುವ ಯೋಜನೆಗೆ 2008ರಲ್ಲಿ ನಗರಸಭೆ ಒಪ್ಪಿತ್ತು. ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆ ಅದನ್ನು ಮತಕ್ಕೂ ಹಾಕದೆ ಮೂಲೆಗೆ ತಳ್ಳಿತು. ನಗರದ ರಸ್ತೆ ನಗರದ್ದಲ್ಲ, ರಾಜ್ಯದವರ ಮರ್ಜಿ ಬೇಕು. ಕೊನೆಗೆ ಅಂಥದ್ದೇ ಶುಲ್ಕ, 9 ಡಾಲರ್, ಜಾರಿಗೆ ಬಂದದ್ದು 2025ರ ಜನವರಿಯಲ್ಲಿ. ಇಲ್ಲಿ ಯಾವ ಕೋಡೂ ಕೆಲಸ ಮಾಡಲಿಲ್ಲ ನೋಡಿ.

ಲೈಮ್‌ವೈರ್ ಕಥೆ ಬೇಗ ಮುಗಿಯಿತು. 2010ರ ಮೇನಲ್ಲಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು, ಅಕ್ಟೋಬರ್‌ನಲ್ಲಿ ಸೇವೆ ನಿಂತಿತು. 2011ರಲ್ಲಿ 10.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಷ್ಟು ಕಟ್ಟಿಯೂ ಗಾರ್ಟನ್ ಉಳಿದರು, ಯಾಕೆಂದರೆ ಅವರಿಗೆ ಟವರ್ ರಿಸರ್ಚ್ ಅನ್ನುವ ಷೇರು ವಹಿವಾಟಿನ ಕಂಪನಿ ಇತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರ್‌ಗಳೇ ಷೇರು ಕೊಂಡು ಮಾರುವ ಧಂದೆ ಅದು. ಒಬ್ಬ ಶ್ರೀಮಂತ ತನಗಿಷ್ಟವಾದ ಊರಿಗಾಗಿ ದುಡ್ಡು ಸುರಿಯುವುದು ಪ್ರಜಾಪ್ರಭುತ್ವವಾ ಅಂತ ನೀವು ಕೇಳಿದರೆ, ನನಗೂ ಪೂರ್ತಿ ಸಮಾಧಾನ ಇಲ್ಲ. ಸೈಕಲ್ ದಾರಿ ನನಗಿಷ್ಟ, ಅದಕ್ಕೇ ಸುಮ್ನಿದ್ದೇನೆ. ಇದೇ ಗಾರ್ಟನ್ ಮುಂದೆ 2024ರ ಅಧ್ಯಕ್ಷ ಚುನಾವಣೆಯಲ್ಲಿ ರಾಬರ್ಟ್ ಕೆನಡಿ ಜೂನಿಯರ್ ಪರ ನಿಂತರು. ಅದು ನನಗೆ ಹಿಡಿಸಲಿಲ್ಲ.

ಗಾರ್ಟನ್ ಬಗ್ಗೆ ಹುಡುಕುವಾಗ ಒಂದು ಎಚ್ಚರ. 2022ರಲ್ಲಿ ಬೇರೆಯವರು ಲೈಮ್‌ವೈರ್ ಹೆಸರು ಕೊಂಡು ಹೊಸ ವ್ಯಾಪಾರ ತೆರೆದಿದ್ದಾರೆ. ಅದಕ್ಕೂ ಗಾರ್ಟನ್‌ಗೂ ಸಂಬಂಧ ಇಲ್ಲ.