ಸೈನಿಕರ ಮಕ್ಕಳು ಊರಿನ ಹೈಸ್ಕೂಲಿಗೆ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೇನೆಯಲ್ಲಿ ಇರುವವರ, ಇದ್ದು ಬಂದವರ ಮನೆಗಳಿಂದ ಬಂದಿವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಸೇರಿಸಿ ಉತ್ತರಿಸಿದ್ದೇವೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಫ್ಯಾಮಿಲಿ ಕರೆದುಕೊಂಡು ಹೋಗಲಾಗದ ಕಡೆಗೆ ಪೋಸ್ಟಿಂಗ್ ಆಗಿದೆ. ಮಗ ಜಲಂಧರದ ಕೇಂದ್ರೀಯ ವಿದ್ಯಾಲಯದಲ್ಲಿ ಎಂಟನೇ ಕ್ಲಾಸ್ ಮುಗಿಸಿದ್ದಾನೆ. ಊರಿಗೆ ಬಂದು ಸರ್ಕಾರಿ ಹೈಸ್ಕೂಲಿಗೆ ಒಂಬತ್ತಕ್ಕೆ ಸೇರಿಸಬೇಕು ಅಂತಿದ್ದೇವೆ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರೆಯಲು ಬರುವುದಿಲ್ಲ. ಮೊದಲು ಏನು ಮಾಡಬೇಕು?
(ಅರಕಲಗೂಡು ತಾಲ್ಲೂಕಿನ ಒಬ್ಬ ತಾಯಿ)

ಉತ್ತರ: ಮೊದಲು ಶಾಲೆಗೆ ಹೋಗಿ ಒಂದೇ ಒಂದು ವಿಷಯ ಕೇಳಿ: ‘ನಿಮ್ಮಲ್ಲಿ ಪ್ರಥಮ ಭಾಷೆಯಾಗಿ ಇಂಗ್ಲಿಷ್ ಇದೆಯೇ?’ ಸೀಟು, ಫೀಸು, ಯೂನಿಫಾರಂ ವಿಚಾರ ಆಮೇಲೆ.

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಹಳ್ಳಿಯ ಬಹುತೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇರುವುದು ಪ್ರಥಮ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ಅಕ್ಷರವೇ ಬಾರದ ಹುಡುಗನನ್ನು ಇದಕ್ಕೆ ಕೂರಿಸಿದರೆ 125 ಅಂಕದ ಪತ್ರಿಕೆಯಲ್ಲೇ ಮುಗ್ಗರಿಸುತ್ತಾನೆ. ಅದೇ ಪ್ರಥಮ ಇಂಗ್ಲಿಷ್, ದ್ವಿತೀಯ ಕನ್ನಡ, ತೃತೀಯ ಹಿಂದಿ ಸಿಕ್ಕರೆ ಮೂರರಲ್ಲಿ ಎರಡು ಅವನಿಗೆ ಈಗಾಗಲೇ ಗೊತ್ತಿರುವ ಭಾಷೆಗಳು. ಕನ್ನಡದ ಪುಸ್ತಕವೂ ಬೇರೆ: ಪ್ರಥಮ ಭಾಷೆಯವರಿಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರಿಗೆ ‘ತಿಳಿ ಕನ್ನಡ’. ಎರಡನೆಯದು ಚಿಕ್ಕದು, ಹಳಗನ್ನಡದ ಭಾರವೂ ಕಡಿಮೆ. ಹತ್ತಿರದ ಶಾಲೆಯಲ್ಲಿ ಈ ಜೋಡಣೆ ಇಲ್ಲವೆಂದರೆ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ವಿಭಾಗ, ಇಲ್ಲವೇ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ವಿಚಾರಿಸಿ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಬಸ್ಸಿನಲ್ಲಿ ಓಡಾಡುವುದು, ಬಾರದ ಲಿಪಿಯಲ್ಲಿ ಪ್ರಥಮ ಭಾಷೆ ಬರೆಯುವುದಕ್ಕಿಂತ ಸುಲಭ. ಒಂಬತ್ತರಲ್ಲಿ ಆರಿಸಿದ ಭಾಷೆಗಳೇ ಹತ್ತಕ್ಕೂ ನಡೆಯುತ್ತವೆ ಎಂದುಕೊಂಡೇ ಆರಿಸಿ.

ಗಣಿತ, ವಿಜ್ಞಾನಕ್ಕೆ ಅಷ್ಟು ಹೆದರಬೇಕಿಲ್ಲ. ಈ ವಿಷಯಗಳಲ್ಲಿ ರಾಜ್ಯದ ಹೈಸ್ಕೂಲು ಪುಸ್ತಕಗಳ ಮೂಲವೂ ಕೇಂದ್ರೀಯ ವಿದ್ಯಾಲಯದಲ್ಲಿ ಓದಿಸುವ ಎನ್‌ಸಿಇಆರ್‌ಟಿಯದೇ, ಭಾಗ 1, ಭಾಗ 2 ಎಂದು ಒಡೆದಿರುತ್ತಾರೆ. ಎನ್‌ಸಿಇಆರ್‌ಟಿ ಈಚಿನ ವರ್ಷಗಳಲ್ಲಿ ಪಾಠ ಕಡಿತ ಮಾಡಿ, ಕೆಲವು ತರಗತಿಗೆ ಹೊಸ ಪುಸ್ತಕ ತಂದಿರುವುದರಿಂದ ಎರಡೂ ಪರಿವಿಡಿಗಳನ್ನು ಪಕ್ಕಪಕ್ಕ ಇಟ್ಟು ಯಾವ ಅಧ್ಯಾಯ ತಪ್ಪಿದೆ ಎಂದು ಗುರುತು ಹಾಕಿಕೊಳ್ಳಿ. ನಿಜಕ್ಕೂ ಹೊಸದಾಗಿ ಓದಬೇಕಾದ್ದು ಸಮಾಜ ವಿಜ್ಞಾನ. ಇಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನವೂ ಇವೆ. ತಡವಾಗಿ ಸೇರಿದ ಮಕ್ಕಳಿಗೆ ಉಚಿತ ಪಠ್ಯಪುಸ್ತಕ ಕೈಗೆ ಬರುವುದು ಕೆಲವೊಮ್ಮೆ ನಿಧಾನ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲದರ ಪಿಡಿಎಫ್ ಇರುತ್ತದೆ. ಸಮಾಜ ವಿಜ್ಞಾನ, ಕನ್ನಡ ಎರಡನ್ನು ಈಗಲೇ ಪ್ರಿಂಟ್ ಹಾಕಿಸಿ.

ಪ್ರಶ್ನೆ: ಮೊಮ್ಮಗಳಿಗೆ ಹಿಂದಿ ಲಿಪಿ ನೀರು ಕುಡಿದಷ್ಟು ಸಲೀಸು. ಕನ್ನಡ ಅಕ್ಷರ ತೋರಿಸಿದರೆ ಅಳುತ್ತಾಳೆ. ಕನ್ನಡದಿಂದ ವಿನಾಯಿತಿ ಕೇಳೋಣವೇ, ಇಲ್ಲ ಮನೆಯಲ್ಲೇ ಕಲಿಸಬಹುದೇ?
(ಆಲೂರಿನ ಒಬ್ಬ ಅಜ್ಜ)

ಉತ್ತರ: ಮನೆಮಾತೇ ಕನ್ನಡವಾಗಿರುವ ಹುಡುಗಿಗೆ ವಿನಾಯಿತಿಯ ಹಿಂದೆ ಓಡಬೇಡಿ ಎನ್ನುವುದು ನಮ್ಮ ಅಭಿಪ್ರಾಯ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಅರ್ಜಿ ಹಿಡಿದು ಅಲೆಯುವ ಹೊತ್ತಿನಲ್ಲಿ ಅಕ್ಷರವೇ ಬಂದುಬಿಡುತ್ತದೆ. ಕೇಂದ್ರೀಯ ವಿದ್ಯಾಲಯದ ವರ್ಷ ಮಾರ್ಚಿಗೆ ಮುಗಿದು ನಮ್ಮ ಶಾಲೆ ಜೂನ್ ಹೊತ್ತಿಗೆ ಶುರುವಾಗುವುದರಿಂದ ನಡುವೆ ಎಂಟು ವಾರ ಸಿಗುತ್ತದೆ. ದಿನಕ್ಕೆ 40 ನಿಮಿಷ ಕೂತರೆ ಸಾಕು.

ಹಿಂದಿ ಬರುವ ಮಗುವಿಗೆ ಅ ಆ ಇ ಈಯಿಂದ ಶುರುಮಾಡಿ ಬೇಸರ ತರಿಸಬೇಡಿ. ವರ್ಗಾಕ್ಷರದ ಕ್ರಮ ಎರಡರಲ್ಲೂ ಒಂದೇ. ಹಿಂದಿ ಅಕ್ಷರದ ಕೆಳಗೆ ಕನ್ನಡ ಅಕ್ಷರ ಬರೆದ ಒಂದು ಚಾರ್ಟ್ ಗೋಡೆಗೆ ಅಂಟಿಸಿದರೆ ಆಕಾರ ಗುರುತಿಸುವುದು ಹತ್ತು ದಿನದ ಕೆಲಸ. ಎಡವುವ ಜಾಗಗಳು ಬೇರೆಯೇ ಇವೆ, ಸಮಯವನ್ನೆಲ್ಲ ಅಲ್ಲಿಗೇ ಕೊಡಿ.

ಒಂದು, ಹ್ರಸ್ವ ದೀರ್ಘ. ಹಿಂದಿಯಲ್ಲಿ ಎ, ಒಗಳಿಗೆ ಹ್ರಸ್ವ ರೂಪದ ಬೇರೆ ಅಕ್ಷರ ಇಲ್ಲ. ಹಾಗಾಗಿ ‘ಬೆರೆ’ಯೂ ‘ಬೇರೆ’ಯೂ ಆ ಮಕ್ಕಳ ಬರವಣಿಗೆಯಲ್ಲಿ ಒಂದೇ ಆಗುತ್ತವೆ. ಕೆರೆಯ ಬಗ್ಗೆ ಪ್ರಬಂಧ ಬರೆ ಎಂದರೆ ‘ಕೇರೆ’ ಎಂದು ಬರೆದು ಊರ ಮುಂದೆ ಹಾವು ಬಿಡುತ್ತಾರೆ. ಕೊಡು, ಕೋಡು, ಹೊಗೆ, ಹೋಗೆ, ಇಂಥ ಜೋಡಿ ಪದಗಳನ್ನು ದಿನಕ್ಕೆ ಐದರಂತೆ ಗಟ್ಟಿಯಾಗಿ ಹೇಳಿಸಿ ಬರೆಸಿ.

ಎರಡು, ಪದದ ಕೊನೆ. ಹಿಂದಿ ಓದಿನಲ್ಲಿ ಕೊನೆಯ ಅಕಾರ ನುಂಗಿಹೋಗುತ್ತದೆ. ಅದೇ ಅಭ್ಯಾಸದಲ್ಲಿ ‘ಪುಸ್ತಕ’ವನ್ನು ‘ಪುಸ್ತಕ್’ ಎಂದು ಓದುತ್ತಾರೆ, ಬರೆಯುವಾಗ ಬೇಡದ ಕಡೆ ಅರ್ಧಾಕ್ಷರ ಹಾಕುತ್ತಾರೆ.

ಮೂರು, ಒತ್ತಕ್ಷರ. ಹೆಚ್ಚು ಹೊತ್ತು ಹಿಡಿಯುವುದು ಇದೇ. ಹಿಂದಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ ಪಕ್ಕಕ್ಕೆ ನಿಲ್ಲುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ‘ಹತ್ತಿ’ಯಲ್ಲಿ ಗುಡಿಸು ಬರುವುದು ಮೇಲಿನ ತಕಾರಕ್ಕೆ, ಉಚ್ಚಾರವಾಗುವುದು ಒತ್ತಿನ ನಂತರ. ಇದನ್ನು ಕೈಹಿಡಿದು ತೋರಿಸದೆ ಬರುವುದಿಲ್ಲ. ಅರ್ಕಾವತ್ತು ಮಾತ್ರ ಸುಲಭ: ಹಿಂದಿಯಲ್ಲಿ ಅಕ್ಷರದ ತಲೆ ಮೇಲೆ ಕೂರುವ ರೇಫ ಇಲ್ಲಿ ಬಲಕ್ಕೆ ಬರುತ್ತದೆ ಎಂದರೆ ಮುಗಿಯಿತು.

ಮೊದಲ ಎರಡು ವಾರ ಅಕ್ಷರ ಮತ್ತು ಕಾಗುಣಿತ, ಆಮೇಲೆ ಮೂರು ವಾರ ಒತ್ತು, ಉಳಿದ ಮೂರು ವಾರ ದಿನಕ್ಕೆ ಐದು ಸಾಲು ಉಕ್ತಲೇಖನ. ಪಠ್ಯಕ್ಕಿಂತ ಮೊದಲು ಬಸ್ಸಿನ ಬೋರ್ಡು, ಅಂಗಡಿ ಹೆಸರು, ಮದುವೆ ಕರೆಯೋಲೆ ಓದಿಸಿ. ಇನ್ನೊಂದು ಮಾತು. ನಮ್ಮ ಕಡೆ ಮನೆಯಲ್ಲಿ ‘ಹಾಲು’ ‘ಆಲು’ ಆಗುವುದು, ‘ಹೋಗುತ್ತಿದ್ದಾನೆ’ ‘ಓಯ್ತಾವ್ನೆ’ ಆಗುವುದು ಸಹಜ. ಮಗು ಕೇಳಿದ್ದನ್ನೇ ಬರೆದರೆ ಬಯ್ಯಬೇಡಿ, ಪಕ್ಕದಲ್ಲಿ ಬರಹದ ರೂಪ ಬರೆದು ಬಿಡಿ.

ಪ್ರಶ್ನೆ: ಟಿಸಿ ಬೇರೆ ರಾಜ್ಯದ್ದು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಸೇನೆಯ ದಾಖಲೆಯಲ್ಲಿ ಮತ್ತೊಂದು. ಯಾವುದನ್ನು ಯಾವುದಕ್ಕೆ ಹೊಂದಿಸಬೇಕು?
(ಕಡೂರಿನ ಓದುಗರು)

ಉತ್ತರ: ಜನನ ಪ್ರಮಾಣಪತ್ರಕ್ಕೆ ಉಳಿದೆಲ್ಲವನ್ನೂ ಹೊಂದಿಸಿ. ಗೊಂದಲ ಹುಟ್ಟುವುದು ಇನಿಷಿಯಲ್‌ನಿಂದ. ಇಲ್ಲಿ ನಾವು ‘ಎಚ್.ಆರ್.’ ಎಂದು ಮುಂದೆಯೋ ಹಿಂದೆಯೋ ಹಾಕಿ ಸುಮ್ಮನಾಗುತ್ತೇವೆ. ಹೊರ ರಾಜ್ಯದ ಶಾಲೆ, ಯೂನಿಟ್ ಆಫೀಸಿನ ಗುಮಾಸ್ತರು ಅದನ್ನು ಬಿಡಿಸಿ ಬರೆದು ಊರಿನ ಹೆಸರನ್ನು ಮಗುವಿನ ಮಧ್ಯದ ಹೆಸರಾಗಿಸಿರುತ್ತಾರೆ. ತಿದ್ದುವ ಕ್ರಮ ಹೀಗಿರಲಿ: ಮೊದಲು ಆಧಾರ್, ಆಮೇಲೆ ತಂದೆಯ ಯೂನಿಟ್‌ನಲ್ಲಿ ಪಾರ್ಟ್ ಟು ಆರ್ಡರ್ (ಸೈನಿಕರ ಕುಟುಂಬದ ವಿವರ ದಾಖಲಿಸುವ ಸೇನೆಯ ಆದೇಶ), ಕೊನೆಗೆ ಶಾಲೆ. ಶಾಲೆಯಲ್ಲಿ ತಿದ್ದುವುದಾದರೆ ಹತ್ತನೇ ತರಗತಿಯ ಪರೀಕ್ಷಾ ನೋಂದಣಿಗೆ ಮುಂಚೆ ತಿದ್ದಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಒಂದು ಅಕ್ಷರ ಬದಲಿಸಲೂ ಮಂಡಳಿಯ ತನಕ ಕಡತ ಹೋಗಬೇಕು.

ಟಿಸಿ ಮೂಲಪ್ರತಿಯ ಜೊತೆಗೆ ಕೊನೆಯ ಎರಡು ವರ್ಷದ ಅಂಕಪಟ್ಟಿ ಮತ್ತು ಪೆನ್ ಸಂಖ್ಯೆ (ಯುಡೈಸ್ ಪ್ಲಸ್ ಎಂಬ ದೇಶದ ಶಾಲಾ ದಾಖಲೆ ಜಾಲತಾಣ ಮಗುವಿಗೆ ಕೊಡುವ ಶಾಶ್ವತ ಸಂಖ್ಯೆ) ತನ್ನಿ. ಹಳೆಯ ಶಾಲೆ ಯುಡೈಸ್‌ನಲ್ಲಿ ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟು ಹೊರಟ ಮಕ್ಕಳ ಪಟ್ಟಿಗೆ) ಬಿಟ್ಟಿದೆಯೇ ಎಂದು ಅಲ್ಲಿಂದ ಹೊರಡುವ ಮುನ್ನವೇ ಖಚಿತ ಮಾಡಿಕೊಳ್ಳಿ. ಬಿಡದಿದ್ದರೆ ಇಲ್ಲಿನ ಶಾಲೆ ಎಳೆದುಕೊಳ್ಳಲು ಆಗುವುದಿಲ್ಲ, ಸ್ಯಾಟ್ಸ್ (ನಮ್ಮ ರಾಜ್ಯದ ವಿದ್ಯಾರ್ಥಿ ದಾಖಲೆ ಜಾಲತಾಣ) ನೋಂದಣಿಯೂ ತೊಡಕಾಗುತ್ತದೆ. ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕೇ ಎಂದು ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ಕೇಳಿ. ಬೇಕೆಂದರೆ ಅದೊಂದು ಸಹಿಗೆ ಮತ್ತೆ ರೈಲು ಹತ್ತಬೇಕಾದೀತು. ಎಂಟನೇ ತರಗತಿವರೆಗಿನ ಮಗುವಾದರೆ ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳುತ್ತದೆ. ಒಂಬತ್ತು, ಹತ್ತಕ್ಕೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ವರ್ಗಾವಣೆ. ಮಗಳು ಸಿಬಿಎಸ್‌ಇ ಹತ್ತನೇ ಕ್ಲಾಸು. ಈಗಲೇ ಸಕಲೇಶಪುರಕ್ಕೆ ಕರೆತರಬಹುದೇ?

ಉತ್ತರ: ಬೇಡ. ಆ ಹೊತ್ತಿಗೆ ಅಲ್ಲಿ ಬೋರ್ಡಿನ ಅಭ್ಯರ್ಥಿ ಪಟ್ಟಿ ಹೋಗಿರುತ್ತದೆ. ಇಲ್ಲಿ ವರ್ಷದ ನಾಲ್ಕು ರೂಪಣಾತ್ಮಕ ಪರೀಕ್ಷೆಗಳಲ್ಲಿ ಮೊದಲೆರಡು ಮುಗಿದು, ಆಂತರಿಕ ಅಂಕದ ಅರ್ಧ ಲೆಕ್ಕವೇ ಅವಳಿಗೆ ಇರುವುದಿಲ್ಲ. 75 ಶೇಕಡಾ ಹಾಜರಾತಿಯ ಪ್ರಶ್ನೆ ಬೇರೆ. ಮಾರ್ಚ್ ತನಕ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಮಕ್ಕಳ ಓದಿನ ಕಾರಣ ಕೊಟ್ಟು ಯೂನಿಟ್ ಮೂಲಕ ಅರ್ಜಿ ಹಾಕಿ. ಬೋರ್ಡ್ ಪರೀಕ್ಷೆಯ ವರ್ಷಕ್ಕೆ ಇಂಥ ಅರ್ಜಿ ಅಪರೂಪವೇನಲ್ಲ.

ಪ್ರಶ್ನೆ: ಹಾಸನದಲ್ಲೇ ಕೇಂದ್ರೀಯ ವಿದ್ಯಾಲಯ ಇದೆಯಲ್ಲ, ಸರ್ಕಾರಿ ಹೈಸ್ಕೂಲು ಯಾಕೆ? ಸೈನಿಕ ಶಾಲೆ ಹೇಗೆ?
(ಹಾಸನದ ಒಬ್ಬ ಮಾಜಿ ಸೈನಿಕರು)

ಉತ್ತರ: ದಿನವೂ ಹೋಗಿಬರುವಷ್ಟು ಹತ್ತಿರ ಇದ್ದರೆ ಕೇಂದ್ರೀಯ ವಿದ್ಯಾಲಯವೇ ಸರಿ. ಮೊದಲ ಪ್ರಶ್ನೆಯ ತಾಯಿಯೂ ಇದನ್ನು ಗಮನಿಸಬೇಕು: ಫ್ಯಾಮಿಲಿ ಇರಲಾಗದ ಕಡೆ ಪೋಸ್ಟಿಂಗ್ ಆದ ಸೈನಿಕರು ಕುಟುಂಬವನ್ನು ತಾವು ಆರಿಸಿದ ಊರಲ್ಲಿ ಇಟ್ಟರೆ, ಒಂದು ಕೇಂದ್ರೀಯ ವಿದ್ಯಾಲಯದ ಟಿಸಿಯ ಮೇಲೆ ಆ ಊರಿನ ಇನ್ನೊಂದಕ್ಕೆ ಸೇರಿಸುವ ಅವಕಾಶ ನಿಯಮದಲ್ಲೇ ಇದೆ. ಯೂನಿಟ್‌ನ ಪತ್ರ ಬೇಕು. ಹೊಸದಾಗಿ ಒಂಬತ್ತಕ್ಕೆ ಸೇರುವವರಿಗೆ ಸೀಟು ಖಾಲಿ ಇದ್ದರೆ ಮಾತ್ರ ಏಪ್ರಿಲ್‌ನಲ್ಲಿ ನೋಂದಣಿ. ಹಿಂದಿ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಸೇರಿ 100 ಅಂಕದ ಪ್ರವೇಶ ಪರೀಕ್ಷೆ ಇರುತ್ತದೆ, 33 ಬರಬೇಕು. ಆದ್ಯತೆಯಲ್ಲಿ ಮಾಜಿ ಸೈನಿಕರ ಮಕ್ಕಳೂ ಮೊದಲ ವರ್ಗದಲ್ಲೇ ಬರುತ್ತಾರೆ.

ಸೈನಿಕ ಶಾಲೆಗೆ (ನಮಗೆ ಹತ್ತಿರದ್ದು ಕೊಡಗಿನ ಕೂಡಿಗೆ, ಇನ್ನೊಂದು ವಿಜಯಪುರ) ಆರು ಮತ್ತು ಒಂಬತ್ತಕ್ಕೆ ಮಾತ್ರ ಪ್ರವೇಶ. ಒಂಬತ್ತರ ಪರೀಕ್ಷೆ 400 ಅಂಕಕ್ಕೆ, ಅದರಲ್ಲಿ 200 ಗಣಿತವೊಂದಕ್ಕೇ, ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಗಣಿತ ಗಟ್ಟಿ ಇಲ್ಲದ ಮಗುವಿಗೆ ಕೋಚಿಂಗ್ ದುಡ್ಡು ಸುರಿಯಬೇಡಿ.

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಫೀಸೇ ಇಲ್ಲ. ಹಾಗಿದ್ದರೆ ಮಕ್ಕಳ ಶಿಕ್ಷಣ ಭತ್ಯೆ ಸಿಗುವುದಿಲ್ಲವೇ? ನಿವೃತ್ತರಿಗೆ ಏನಿದೆ?
(ಚಿಕ್ಕಮಗಳೂರು ತಾಲ್ಲೂಕು)

ಉತ್ತರ: ಸಿಗುತ್ತದೆ, ಪೂರ್ತಿ ಸಿಗುತ್ತದೆ. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ. ಸೇವೆಯಲ್ಲಿರುವವರಿಗೆ ಜನವರಿ 2024ರಿಂದ ಮಗುವಿಗೆ ತಿಂಗಳಿಗೆ ₹2,812.50, ಅಂದರೆ ವರ್ಷಕ್ಕೆ ₹33,750. ಇದು ನಿಗದಿ ಮೊತ್ತ, ಖರ್ಚಿನ ರಸೀದಿಗೂ ಇದಕ್ಕೂ ಸಂಬಂಧವಿಲ್ಲ. ಹಿರಿಯ ಇಬ್ಬರು ಮಕ್ಕಳಿಗೆ. ಮಗು ಹಿಂದಿನ ಶೈಕ್ಷಣಿಕ ವರ್ಷ ಈ ಶಾಲೆಯಲ್ಲಿ ಓದಿದೆ ಎಂದು ಮುಖ್ಯ ಶಿಕ್ಷಕರು ಲೆಟರ್‌ಹೆಡ್‌ನಲ್ಲಿ ಬರೆದು ಸಹಿ, ಸೀಲು ಹಾಕಿಕೊಟ್ಟರೆ ಸಾಕು. ಕ್ಲೇಮು ವಾಪಸ್ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಹೆಸರು ಪಾರ್ಟ್ ಟು ಆರ್ಡರ್‌ಗೆ ಹೊಂದದಿರುವುದು, ವರ್ಷ ಬರೆಯದೆ ಬರೀ ‘ಓದುತ್ತಿದ್ದಾನೆ’ ಎಂದು ಬರೆದಿರುವುದು.

ಹವಾಲ್ದಾರ್ ದರ್ಜೆವರೆಗಿನ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಅನುದಾನವಿದೆ. ಇಬ್ಬರು ಮಕ್ಕಳಿಗೆ, ಒಂದನೇ ತರಗತಿಯಿಂದ ಪದವಿವರೆಗೆ. ನವೆಂಬರ್ 2025ರಿಂದ ಹಾಕಿದ ಅರ್ಜಿಗಳಿಗೆ ತಿಂಗಳಿಗೆ ₹1,000 ಇದ್ದದ್ದು ₹2,000 ಆಗಿದೆ. ಮಗು ಪಾಸಾಗಿರಬೇಕು, ಡಿಸ್ಚಾರ್ಜ್ ಪುಸ್ತಕದಲ್ಲಿ ಮಗುವಿನ ಹೆಸರು ಇರಬೇಕು. ಅರ್ಜಿ ಆನ್‌ಲೈನ್, ಪರಿಶೀಲನೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ.

ಪ್ರಶ್ನೆ: ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎನ್ನುತ್ತಾರೆ, ಮಗ ಅಷ್ಟು ಓದಿಲ್ಲ. ಮುಂದೆ ಸಿಇಟಿಗೆ ಕೂರಲು ಆಗುತ್ತದೆಯೇ?
(ಮೂಡಿಗೆರೆ)

ಉತ್ತರ: ಆಗುತ್ತದೆ. ಸೇವೆಗೆ ಸೇರುವಾಗ ತಂದೆ ಕರ್ನಾಟಕದ ಊರನ್ನು ಸ್ವಂತ ಊರೆಂದು ದಾಖಲಿಸಿದ್ದರೆ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಬೇರೆಯೇ ಅರ್ಹತಾ ಷರತ್ತು ಇದೆ. ಆ ದಾಖಲೆಯ ಪ್ರಮಾಣಪತ್ರವನ್ನು ಈಗಲೇ ತರಿಸಿಡಿ. ಆದರೆ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗಳು ಒಂದರಿಂದ ಹತ್ತರ ತನಕ ಹತ್ತೂ ವರ್ಷ ಕೇಳುತ್ತವೆ. ಅವು ನಿಮ್ಮ ಮಗನಿಗೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ಪ್ರತಿವರ್ಷ ಇಂಥ ಮಕ್ಕಳು ಬರುತ್ತಾರೆ. ಶಾಲೆಯ ಕಡೆಯಿಂದ ಏನು ಮಾಡಬಹುದು?
(ಬೇಲೂರು ತಾಲ್ಲೂಕಿನ ಶಿಕ್ಷಕಿ)

ಉತ್ತರ: ಮೇಡಂ, ದಾಖಲಾತಿಯ ದಿನವೇ ಒಂದು ಪುಟ ಬರೆದಿಡಿ: ತಂದೆ ಸಿಗದಿದ್ದಾಗ ಸಹಿ ಯಾರದ್ದು, ಎರಡು ಫೋನ್ ನಂಬರ್, ಮೂರು ಭಾಷೆಗಳ ಓದು ಬರಹದ ಮಟ್ಟ, ತಪ್ಪಿದ ಅಧ್ಯಾಯಗಳು. ಅಜ್ಜ ಅಜ್ಜಿಯ ಮನೆಯಲ್ಲಿರುವ ಮಗುವಾದರೆ ತಂದೆ ತಾಯಿಯ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಕನ್ನಡ ಕಿರುಪರೀಕ್ಷೆಗೆ ಮೊದಲ ತಿಂಗಳು ಮೌಖಿಕವಾಗಿ ಕೇಳಿ, ಬರಹದ ಅಂಕ ಆಮೇಲೆ ನೋಡಿ. ಹಾಸ್ಯ ಮಾಡದ ಒಬ್ಬ ಸಹಪಾಠಿಯನ್ನು ಪಕ್ಕದಲ್ಲಿ ಕೂರಿಸಿ. ಹಿಂದಿ ಬೆರೆತ ಕನ್ನಡಕ್ಕೆ ನಗುವ ಹುಡುಗರು ಎಲ್ಲ ಕ್ಲಾಸಿನಲ್ಲೂ ಇರುತ್ತಾರೆ. ಬದಲಿಗೆ ತೃತೀಯ ಭಾಷೆ ಹಿಂದಿಗೆ ಈ ಮಗುವಿನಿಂದ ಉಳಿದವರಿಗೆ ಓದಿಸಿ ಹೇಳಿಸಬಹುದು.

ಪೋಷಕರ ಸಭೆಗೆ ತಂದೆ ಬಂದಿಲ್ಲವೆಂದು ಎಲ್ಲರೆದುರು ಕೇಳಬೇಡಿ. ರಜೆಯಲ್ಲಿ ಬಂದಾಗ ಯಾವ ದಿನವಾದರೂ ಭೇಟಿಗೆ ಅವಕಾಶ ಕೊಡಿ. ಆಗಸ್ಟ್ 15ಕ್ಕೆ ಮಗುವನ್ನು ನಿಲ್ಲಿಸಿ ಅಪ್ಪನ ಬಗ್ಗೆ ಮಾತಾಡಿಸುವ ಆಸೆ ಎಲ್ಲ ಶಾಲೆಗೂ ಇರುತ್ತದೆ. ಮಗುವೇ ಮುಂದೆ ಬಂದರೆ ಮಾತ್ರ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ಫೋಟೊ ಅಡಿಬರಹದಲ್ಲಿ ತಂದೆಯ ಯೂನಿಟ್, ಈಗಿರುವ ಜಾಗ, ರಜೆಯ ದಿನಾಂಕ ಹಾಕಲೇಬೇಡಿ. ಮಾರ್ಚ್‌ನಲ್ಲಿ ಯಾರು ಮತ್ತೆ ಹೊರಡುತ್ತಾರೆ ಎಂದು ಜನವರಿಯಲ್ಲೇ ಕೇಳಿ, ಅವರ ಟಿಸಿ, ಅಂಕಪಟ್ಟಿ, ಭತ್ಯೆಯ ಪ್ರಮಾಣಪತ್ರ ಮೂರನ್ನೂ ಒಂದೇ ಲಕೋಟೆಯಲ್ಲಿ ಸಿದ್ಧಮಾಡಿ, ಸ್ಯಾಟ್ಸ್ ಮತ್ತು ಯುಡೈಸ್ ಎರಡರಲ್ಲೂ ಬಿಡುಗಡೆ ಮಾಡಿದ ಮೇಲೆ ಕೊಡಿ.