ಹಳೆಯ ಕೈಟ್ ಫಾಯಿಲ್‌ನಲ್ಲಿ ವಿಂಗ್ ಕಲಿಯಬಹುದೇ?

ನಮಸ್ಕಾರ. ದುಬೈಯಿಂದ ಊರಿಗೆ ಮರಳುತ್ತಿರುವ ನಿಮ್ಮ ಭಾವನವರು ತಮ್ಮ ಹಳೆಯ ಕೈಟ್ ರೇಸಿಂಗ್ ಫಾಯಿಲನ್ನು (ದೊಡ್ಡ ಗಾಳಿಪಟ ಎಳೆಯುವ ಬೋರ್ಡಿನ ಕೆಳಗೆ, ನೀರಿನೊಳಗೆ ಸಾಗಿ ಸವಾರನನ್ನು ಮೇಲೆತ್ತುವ ರೆಕ್ಕೆಯ ಜೋಡಣೆ) ನಿಮಗೆ ಕೊಡಲಿದ್ದಾರೆ, ಅದರ ಮುಂದಿನ ರೆಕ್ಕೆ 550 ಚದರ ಸೆಂ.ಮೀ., ರೆಕ್ಕೆಯನ್ನು ಬೋರ್ಡಿಗೆ ಸೇರಿಸುವ ಕಂಬ, ಅಂದರೆ ಮಾಸ್ಟ್, 100 ಸೆಂ.ಮೀ. ಇದೆ, ಅದನ್ನೇ ಒಂದು ಬೋರ್ಡಿಗೆ ಜೋಡಿಸಿ ಮೂಲ್ಕಿಯ ಅಳಿವೆಯಲ್ಲಿ, ಗಾಳಿ ತುಂಬಿದ ಹಾಯಿಯಂತೆ ಕೈಯಲ್ಲಿ ಹಿಡಿಯುವ ವಿಂಗ್‌ನೊಂದಿಗೆ ಕಲಿಯಬಹುದೇ ಎಂದು ಕೇಳಿದ್ದೀರಿ. ಕಲಿಯುವುದಕ್ಕೆ ಅದು ಬೇಡ ಎಂಬುದೇ ನನ್ನ ಉತ್ತರ. ಆದರೆ ಅದು ಕೆಟ್ಟ ಫಾಯಿಲ್ ಎಂದು ನಾನು ಹೇಳುತ್ತಿಲ್ಲ. ಅದು ಬೇರೊಂದು ಕಾಲದಲ್ಲಿ, ಬೇರೊಂದು ಎಳೆತಕ್ಕಾಗಿ ಹುಟ್ಟಿದ ಸಾಧನ. ಯಾವ ಫಾಯಿಲ್ ಯಾವ ಶಕ್ತಿಗಾಗಿ ಮಾಡಲ್ಪಟ್ಟಿತು ಎಂಬುದು ಗೊತ್ತಾದರೆ ಮುಂದೆ ಬೇರೆ ಹಳೆಯ ಸಾಮಾನು ಕೈಗೆ ಬಂದಾಗಲೂ ನೀವೇ ತೀರ್ಮಾನಿಸಬಹುದು.

ಮೊದಲು ಲೆಕ್ಕವನ್ನು ನೋಡೋಣ. ನೀರಿನೊಳಗಿನ ರೆಕ್ಕೆ ನಮ್ಮನ್ನು ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಹೆಚ್ಚುತ್ತದೆ. ವೇಗ ಅರ್ಧಕ್ಕಿಳಿದರೆ ಅಷ್ಟೇ ಭಾರವನ್ನು ಹೊರಲು ನಾಲ್ಕು ಪಟ್ಟು ವಿಸ್ತೀರ್ಣ ಬೇಕಾಗುತ್ತದೆ. ನೀವು ಮತ್ತು ನಿಮ್ಮ ಸಾಮಾನು ಸೇರಿ ಸುಮಾರು 80 ಕೆ.ಜಿ. ಎಂದಿಟ್ಟುಕೊಂಡರೆ, ಸಾಧಾರಣ ಕೋನದಲ್ಲಿ ಸಾಗುವ ರೆಕ್ಕೆಗೆ ಗಂಟೆಗೆ 29 ಕಿ.ಮೀ. ವೇಗದಲ್ಲಿ 500 ಚದರ ಸೆಂ.ಮೀ. ಸಾಕು, ಆದರೆ 18 ಕಿ.ಮೀ. ವೇಗದಲ್ಲಿ 1,250 ಬೇಕು. ಹೊಸಬರು ವಿಂಗ್ ಹಿಡಿದು, ಹದವಾದ ಕಡಲಗಾಳಿಯಲ್ಲಿ, ಬೋರ್ಡ್ ಇನ್ನೂ ನೀರಿನ ಮೇಲೆ ಕುಳಿತಿರುವಾಗ 18 ಕಿ.ಮೀ. ಮುಟ್ಟುವುದೇ ಕಷ್ಟ. ನಿಮ್ಮ 550ರ ರೆಕ್ಕೆ ಆ ವೇಗದಲ್ಲಿ ಏಳುವುದಿಲ್ಲ. ನೀವು ತೋಳು ಸೋಲುವವರೆಗೆ ಗಾಳಿಯೊಡನೆ ಹೆಣಗುತ್ತೀರಿ, ಅಷ್ಟೆ.

ದೋಣಿಯನ್ನು ನೀರಿನಿಂದ ಮೇಲೆತ್ತುವ ರೆಕ್ಕೆ ಶತಮಾನಕ್ಕೂ ಹಳೆಯದು. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಗಂಟೆಗೆ ಸುಮಾರು 68 ಕಿ.ಮೀ. ವೇಗದಲ್ಲಿ ಅಂತಹ ದೋಣಿಯನ್ನು ಓಡಿಸಿದ್ದರು. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಕೇಸಿ ಬಾಲ್ಡ್‌ವಿನ್ ಸೇರಿ ಕಟ್ಟಿದ ಎಚ್‌ಡಿ-4, ಕೆನಡಾದ ಬ್ಯಾಡೆಕ್‌ನಲ್ಲಿ 1919ರ ಸೆಪ್ಟೆಂಬರ್ 9ರಂದು 114 ಕಿ.ಮೀ. ಮುಟ್ಟಿತು. ಅವೆಲ್ಲ ಎಂಜಿನ್ನಿನ ಬಲದಿಂದ ಓಡಿದ ದೋಣಿಗಳು. ಮನುಷ್ಯನೊಬ್ಬನ ಕೆಳಗೆ ಈ ರೆಕ್ಕೆ ಬಂದು ಜನಪ್ರಿಯವಾದದ್ದು 1990ರ ಹೊತ್ತಿಗೆ, ಅಮೆರಿಕದ ಮೈಕ್ ಮರ್ಫಿ ಮತ್ತು ಬಾಬ್ ವೂಲಿ ರೂಪಿಸಿದ ‘ಏರ್ ಚೇರ್’ ಮೂಲಕ. ಹಲಗೆಯ ಮೇಲೊಂದು ಆಸನ, ಕೆಳಗೆ ಲೋಹದ ಮಾಸ್ಟ್ ಮತ್ತು ರೆಕ್ಕೆ. ಮೋಟಾರು ದೋಣಿಯ ಹಗ್ಗ ಹಿಡಿದು ಕುಳಿತೇ ಹೋಗಬೇಕು. ಹವಾಯಿಯ ಮಾವಿ ದ್ವೀಪದಲ್ಲಿ ಸರ್ಫರ್ ಲೇರ್ಡ್ ಹ್ಯಾಮಿಲ್ಟನ್ ಮತ್ತವರ ಗೆಳೆಯರು ಆಸನವನ್ನು ಕಿತ್ತುಹಾಕಿ, ಹಲಗೆಗೆ ಸ್ನೋಬೋರ್ಡಿನ ಬೂಟುಗಳನ್ನು ಬಿಗಿದು, ಜೆಟ್ ಸ್ಕೀಯಿಂದ ಎಳೆಸಿಕೊಂಡು ದೊಡ್ಡ ಅಲೆಗಳಿಗೆ ಇಳಿದರು. ಅದು ಸಾಹಸವೇ ಸರಿ, ಆದರೆ ಬಿದ್ದಾಗ ಕಾಲು ಬಿಡಿಸಿಕೊಳ್ಳಲಾಗದ ಆ ಜೋಡಣೆಯನ್ನು ಯಾರೂ ಅನುಕರಿಸಬಾರದು.

ಮುಂದಿನ ಹೆಜ್ಜೆ ಕೈಟ್‌ನವರದು, ಮತ್ತು ನಿಮ್ಮ ಭಾವನವರ ಫಾಯಿಲ್ ಹುಟ್ಟಿದ್ದು ಇಲ್ಲಿಯೇ. ಕೈಟ್ ಸವಾರನನ್ನು ಮುಂದಕ್ಕೆ ಎಳೆಯುವುದಷ್ಟೇ ಅಲ್ಲದೆ ಸ್ವಲ್ಪ ಮೇಲಕ್ಕೂ ಎತ್ತುತ್ತದೆ, ಆದ್ದರಿಂದ ಚಿಕ್ಕ ರೆಕ್ಕೆಯೂ ಸಲೀಸಾಗಿ ಏಳುತ್ತದೆ. ಏರಿದ ಮೇಲೆ ಚಿಕ್ಕ ರೆಕ್ಕೆಗೆ ನೀರಿನ ತಡೆ ಕಡಿಮೆ. ವೇಗದಲ್ಲಿ ವಾಲಿ ಓಡುವಾಗ ರೆಕ್ಕೆಯ ತುದಿ ನೀರಿನಿಂದ ಹೊರಬಂದರೆ ಗಾಳಿ ಒಳನುಗ್ಗಿ ಎತ್ತುವ ಬಲ ಒಮ್ಮೆಲೇ ಕುಸಿಯುವುದರಿಂದ ಮಾಸ್ಟ್ ಉದ್ದವಾಗಿರಬೇಕು. ಈ ದಾರಿಯ ತುದಿಯನ್ನು ನಾವು 2024ರಲ್ಲಿ ಮಾರ್ಸೇಯ ಕಡಲಲ್ಲಿ ಕಂಡೆವು: ಪ್ಯಾರಿಸ್ ಒಲಿಂಪಿಕ್ಸ್‌ನ ಫಾರ್ಮುಲಾ ಕೈಟ್ ಸ್ಪರ್ಧೆಯಲ್ಲಿ ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಮತ್ತು ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದರು. ಅದೇ ಕ್ರೀಡಾಕೂಟದಲ್ಲಿ ಹಳೆಯ ಆರ್‌ಎಸ್:ಎಕ್ಸ್ ವಿಂಡ್‌ಸರ್ಫ್ ಬೋರ್ಡಿನ ಜಾಗಕ್ಕೆ ಫಾಯಿಲ್ ಇರುವ ಐಕ್ಯೂಫಾಯಿಲ್ ಬಂದಿತ್ತು.

ನಾನಿರುವ ಆಸ್ಟ್ರೇಲಿಯಾದ ಪರ್ತ್‌ಗೂ ಈ ಕಥೆಯಲ್ಲಿ ಪಾಲಿದೆ, ಇದನ್ನು ಬಿಡಲು ಮನಸ್ಸಾಗುತ್ತಿಲ್ಲ. ಇಲ್ಲಿನ ಜಾನ್ ಮತ್ತು ಗಾರ್ತ್ ಐಲೆಟ್ ಸಹೋದರರು ‘ಮಾತ್’ ಎಂಬ ಪುಟ್ಟ ಹಾಯಿದೋಣಿಗೆ ಫಾಯಿಲ್ ಕೂರಿಸುವ ಕೆಲಸದಲ್ಲಿ ಮುಂದಾಳುಗಳು. ಅಂತಹ ದೋಣಿಯಲ್ಲಿ ರೋಹನ್ ವೀಲ್ 2005ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮೇಲೆ ಹಾಯಿಯವರಿಗೆ ಫಾಯಿಲ್ ಬರಿಯ ಪ್ರಯೋಗವಾಗಿ ಉಳಿಯಲಿಲ್ಲ.

ನಿಮಗೆ ನಿಜವಾಗಿ ಬೇಕಾದ ತಿರುವು 2016ರದು. ಮಾವಿಯ ಅಲೆಕ್ಸ್ ಅಗ್ವೇರಾ ತಯಾರಿಸಿದ ದೊಡ್ಡ, ದಪ್ಪ ರೆಕ್ಕೆಯ ಫಾಯಿಲ್ ಮೇಲೆ ನಿಂತು ಕೈ ಲೆನ್ನಿ ಎಂಬ ಸರ್ಫರ್ ಹಗ್ಗವಿಲ್ಲದೆ, ಕೈಟ್ ಇಲ್ಲದೆ, ಕಡಲಿನ ಉಬ್ಬುಗಳನ್ನಷ್ಟೇ ಹಿಡಿದು ಸಾಗುವ ವಿಡಿಯೊ ಆ ವರ್ಷ ಎಲ್ಲೆಡೆ ಹರಡಿತು. ಅಲ್ಲಿಯವರೆಗೆ ವೇಗಕ್ಕಾಗಿ ಕಿರಿದಾಗುತ್ತ ಬಂದಿದ್ದ ರೆಕ್ಕೆ, ನಿಧಾನದ ನೀರಿನಲ್ಲೂ ಎತ್ತುವುದಕ್ಕಾಗಿ ಹಿಗ್ಗತೊಡಗಿತು. ಪ್ವೆರ್ಟೊ ರಿಕೊದಲ್ಲಿ ಬ್ಯಾಟರಿ ಚಾಲಿತ ಇ-ಫಾಯಿಲ್ ಬಂದದ್ದೂ, 2019ರ ಹೊತ್ತಿಗೆ ಕೈಯಲ್ಲಿ ಹಿಡಿಯುವ ಗಾಳಿ ತುಂಬಿದ ವಿಂಗ್ ಅಂಗಡಿಗಳಿಗೆ ಬಂದದ್ದೂ ಇದರ ಬೆನ್ನಿಗೇ. ಕೈಯಲ್ಲಿ ಹಿಡಿಯುವ ಹಾಯಿಗಳನ್ನು 1980ರ ದಶಕದಲ್ಲೇ ಕೆಲವರು ಮಾಡಿ ನೋಡಿದ್ದರು. ಕೆಳಗೆ ಇಂತಹ ದೊಡ್ಡ ರೆಕ್ಕೆ ಇಲ್ಲದ್ದರಿಂದ ಅವು ಬೆಳೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಕಲಿಯುವುದಕ್ಕೆ 1,500ರಿಂದ 2,000 ಚದರ ಸೆಂ.ಮೀ. ರೆಕ್ಕೆ, 70ರಿಂದ 75 ಸೆಂ.ಮೀ. ಮಾಸ್ಟ್, ನಿಮ್ಮ ತೂಕದ ಕೆ.ಜಿ. ಸಂಖ್ಯೆಗೆ 40 ಕೂಡಿಸಿದಷ್ಟು ಲೀಟರಿನ ಬೋರ್ಡ್ ಹುಡುಕಿ. ಮೀಟರ್ ಉದ್ದದ ಮಾಸ್ಟ್ ಅಳಿವೆಯಲ್ಲಿ ಇನ್ನೊಂದು ಕಾರಣಕ್ಕೂ ಬೇಡ: ಇಳಿತದ ಹೊತ್ತಿಗೆ ಮರಳದಿಣ್ಣೆಗೆ ರೆಕ್ಕೆ ತಾಗಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಭರತದ ವೇಳೆಯಲ್ಲಿ ಇಳಿಯಿರಿ, ಬಲೆ ಹಾಕಿರುವ ಜಾಗವನ್ನು ಮೀನುಗಾರರನ್ನೇ ಕೇಳಿ ತಿಳಿದುಕೊಳ್ಳಿ, ಹೆಲ್ಮೆಟ್ ಮತ್ತು ಪೆಟ್ಟು ತಡೆಯುವ ಜಾಕೆಟ್ ಇಲ್ಲದೆ ಹೋಗಬೇಡಿ. ಮೊದಲು ಮಂಡಿಯೂರಿ, ಆಮೇಲೆ ನಿಂತು, ಭಾರವನ್ನು ಮುಂದಿನ ಕಾಲಿನ ಮೇಲಿಡಿ. ಬೋರ್ಡಿನ ಅಡಿಗೆ ಸಣ್ಣ ಅಲೆಗಳು ಬಡಿಯುವ ಪಟಪಟ ಸದ್ದು ಒಮ್ಮೆಲೇ ನಿಂತುಹೋದರೆ ನೀವು ಎದ್ದಿದ್ದೀರಿ ಎಂದರ್ಥ. ಹೊಸಬರು ಆ ಕ್ಷಣದಲ್ಲಿ ಹಿಂದಕ್ಕೆ ವಾಲುತ್ತಾರೆ, ಆಗ ರೆಕ್ಕೆ ನೀರಿನಿಂದ ಹೊರಬಂದು ಬೀಳುತ್ತಾರೆ. ಬೀಳುವುದು ಖಚಿತವಾದಾಗ ಬೋರ್ಡನ್ನು ಕಾಲಿನಿಂದ ದೂರ ತಳ್ಳಿ ಪಕ್ಕಕ್ಕೆ ಬೀಳಿ, ಫಾಯಿಲ್ ಮೇಲೆ ಬೀಳಬೇಡಿ.

ಭಾವನವರ ಫಾಯಿಲನ್ನು ಬೇಡವೆನ್ನದೆ ತೆಗೆದುಕೊಳ್ಳಿ. ಕೆಲವು ತಯಾರಕರ ದೊಡ್ಡ ಮುಂದಿನ ರೆಕ್ಕೆಯನ್ನು, ಮಾಸ್ಟಿನ ಬುಡದಲ್ಲಿ ಮುಂದಿನ ಹಿಂದಿನ ರೆಕ್ಕೆಗಳನ್ನು ಜೋಡಿಸುವ ಅದೇ ಫ್ಯೂಸಲಾಜ್‌ಗೆ ಬಿಗಿಯಬಹುದು. ಬಂದ ಕೂಡಲೇ ಎಲ್ಲ ಸ್ಕ್ರೂಗಳನ್ನೂ ಬಿಚ್ಚಿ ನೋಡಿ. ಅಲ್ಯೂಮಿನಿಯಂ ಮಾಸ್ಟ್, ಕಾರ್ಬನ್ ರೆಕ್ಕೆ, ಸ್ಟೇನ್‌ಲೆಸ್ ಸ್ಕ್ರೂ ಇವು ಮೂರೂ ಉಪ್ಪುನೀರಿನಲ್ಲಿ ಒಟ್ಟಿಗಿದ್ದರೆ ಅಲ್ಯೂಮಿನಿಯಂ ತಿನ್ನಲ್ಪಟ್ಟು ಸ್ಕ್ರೂ ಕಚ್ಚಿಕೊಳ್ಳುತ್ತದೆ. ನಾನು ಒಂದು ಚಳಿಗಾಲವಿಡೀ ಫಾಯಿಲನ್ನು ಬಿಚ್ಚದೆ ಇಟ್ಟು, ಕೊನೆಗೆ ಎರಡು ಸ್ಕ್ರೂಗಳನ್ನು ಡ್ರಿಲ್ ಮಾಡಿ ತೆಗೆಸಬೇಕಾಯಿತು. ಅಂದಿನಿಂದ ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು, ಬಿಚ್ಚಿ, ಸ್ಕ್ರೂವಿನ ಸುರುಳಿ ಗೀರುಗಳಿಗೆ ಕಡಲ ಬಳಕೆಯ ಗ್ರೀಸ್ ಹಚ್ಚಿ ಇಡುತ್ತೇನೆ.

ಮಾಸ್ಟಿನ ಮೇಲ್ತುದಿಯಲ್ಲಿ ನಾಲ್ಕು ತೂತುಗಳ ಚಪ್ಪಟೆ ತಟ್ಟೆ ಇದ್ದರೆ ಅಡ್ಡಸಾಲಿನ ಎರಡು ತೂತುಗಳ ನಡುವಿನ ಅಂತರವನ್ನು ಅಳೆಯಿರಿ; 90 ಮಿ.ಮೀ. ಬಂದರೆ ಇಂದಿನ ಬಹುತೇಕ ವಿಂಗ್ ಬೋರ್ಡುಗಳ ಅಡಿಯಲ್ಲಿರುವ ಹಳಿಗೆ ಅದು ಕೂರುತ್ತದೆ. ಆ ಅಳತೆಯನ್ನೂ ರೆಕ್ಕೆಯ ಬುಡದ ಒಂದು ಚಿತ್ರವನ್ನೂ ಇಲ್ಲಿ ಹಾಕಿ, ಯಾವ ದೊಡ್ಡ ರೆಕ್ಕೆ ಅದಕ್ಕೆ ಹೊಂದಬಹುದು ಎಂದು ನೋಡಿ ಹೇಳುತ್ತೇನೆ.