ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಮದ ನೆಲದಲ್ಲಿ ವಾಯುಪಡೆಗಳ ಜಂಟಿ ತಾಲೀಮು

ನಮ್ಮ ವಾಯುಪಡೆಯ ರಫೇಲ್ ವಿಮಾನಗಳು 2024ರಲ್ಲಿ ಅಲಾಸ್ಕಾಕ್ಕೆ ಹೋಗಿಬಂದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಿರುಬರಹಕ್ಕೆ ಪುಣೆ, ಮುಂಬಯಿ ಮತ್ತು ಗೋವಾದ ಕನ್ನಡಿಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ, ದೀರ್ಘವಾದವನ್ನು ಮೊಟಕುಗೊಳಿಸಿ, ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮನೆ ವಿಶ್ರಾಂತವಾಡಿಯಲ್ಲಿದೆ, ಲೋಹಗಾಂವ್ ನೆಲೆಯ ಸುಖೋಯ್‌ಗಳು ನಮ್ಮ ತಲೆಯ ಮೇಲೆಯೇ ಹಾರುತ್ತವೆ. ಮೂವತ್ತೈದು ಸಾವಿರ ಅಡಿ ಏರಿದರೆ ಹೊರಗೆ ಮೈನಸ್ ಐವತ್ತು ಡಿಗ್ರಿ ಚಳಿ ಇರುತ್ತದೆಂದು ಓದಿದ್ದೇನೆ. ಪುಣೆಯ ಆಕಾಶದಲ್ಲಿಯೇ ಅಷ್ಟು ಚಳಿ ಸಿಗುವಾಗ, ಚಳಿಯ ತಾಲೀಮಿಗೆಂದು ವಾಯುಪಡೆಗಳು ಉತ್ತರ ಧ್ರುವದ ಕಡೆಗೆ ಹೋಗುವುದೇಕೆ?
— ನಿವೃತ್ತ ಬ್ಯಾಂಕ್ ನೌಕರರು, ಪುಣೆ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಮೂವತ್ತಾರು ಸಾವಿರ ಅಡಿಯ ಆಸುಪಾಸಿನಲ್ಲಿ ಉಷ್ಣಾಂಶ ಸಾಮಾನ್ಯವಾಗಿ ಮೈನಸ್ 56 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ, ಮತ್ತು ಅದನ್ನು ತಾಳಿಕೊಳ್ಳುವಂತೆಯೇ ವಿಮಾನವನ್ನು ಕಟ್ಟಿರುತ್ತಾರೆ. ಆದರೆ ಹಾರುತ್ತಿರುವ ವಿಮಾನದಲ್ಲಿ ಎಂಜಿನ್ ಉರಿಯುತ್ತಿರುತ್ತದೆ, ಅದರಿಂದ ತೆಗೆದ ಬಿಸಿಗಾಳಿ ಕಾಕ್‌ಪಿಟ್ಟನ್ನು ಬೆಚ್ಚಗಿಡುತ್ತದೆ, ಎಣ್ಣೆಯೂ, ವಿಮಾನದ ಭಾಗಗಳನ್ನು ಒತ್ತಡದಿಂದ ಚಲಿಸುವಂತೆ ಮಾಡುವ ಹೈಡ್ರಾಲಿಕ್ ದ್ರವವೂ ಒಂದೇ ಸಮನೆ ಹರಿಯುತ್ತ ಬಿಸಿಯಾಗಿಯೇ ಇರುತ್ತವೆ. ಆರ್ಕ್ಟಿಕ್ ಚಳಿ ವಿಮಾನವನ್ನು ಹಿಡಿಯುವುದು ಅದು ಇಳಿದು, ಎಂಜಿನ್ ಆರಿ, ರಾತ್ರಿಯಿಡೀ ಬಯಲಿನಲ್ಲಿ ನಿಂತ ಮೇಲೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಚಳಿಗಾಲದಲ್ಲಿ ಮೈನಸ್ 40 ಡಿಗ್ರಿ ಅಪರೂಪವೇನಲ್ಲ. ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ಕಂಡವರಿಗೆ, ಅಂಥ ಚಳಿಯಲ್ಲಿ ಎಂಜಿನ್ನಿನ ಎಣ್ಣೆಯ ಪಾಡು ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಸಂದುಗಳನ್ನು ಮುಚ್ಚುವ ಸೀಲುಗಳು ಕುಗ್ಗಿ ಗಡುಸಾಗುವುದರಿಂದ ಹೈಡ್ರಾಲಿಕ್ ದ್ರವ ಸೋರತೊಡಗುತ್ತದೆ; ಬ್ಯಾಟರಿಯ ಬಲ ಕುಂದುತ್ತದೆ; ಟೈರಿನೊಳಗಿನ ಒತ್ತಡ ಇಳಿಯುತ್ತದೆ. ಅಮೆರಿಕದ ನಾಗರಿಕ ವಿಮಾನಗಳು ಬಳಸುವ ಜೆಟ್ ಎ ಇಂಧನದ ಘನೀಭವನ ಬಿಂದು ಮೈನಸ್ 40 ಡಿಗ್ರಿಯಾದ್ದರಿಂದ ಅದು ಇಂಥ ಕಡೆ ಅಂಚಿನಲ್ಲೇ ಇರುತ್ತದೆ. ನ್ಯಾಟೊ ಪಡೆಗಳಲ್ಲಿ ಬಳಕೆಯಲ್ಲಿರುವ ಜೆಪಿ-8 ಮೈನಸ್ 47ರವರೆಗೆ ತಾಳುತ್ತದೆ. ರೆಕ್ಕೆಯ ಮೇಲೆ ಕೂತ ತೆಳುವಾದ ಹಿಮದ ಪದರವೂ ವಿಮಾನವನ್ನು ಎತ್ತುವ ಬಲವನ್ನು ಕುಗ್ಗಿಸುವುದರಿಂದ, ಬಿಸಿ ಮಾಡಿದ ಗ್ಲೈಕಾಲ್ ಮಿಶ್ರಣವನ್ನು ಎರಚಿ ಅದನ್ನು ಕರಗಿಸದೆ ಯಾರೂ ರನ್‌ವೇ ಕಡೆಗೆ ಹೋಗುವಂತಿಲ್ಲ.

ಇಷ್ಟಾಗಿಯೂ ನಮ್ಮ ಅಭಿಪ್ರಾಯದಲ್ಲಿ ಇಂಥ ತಾಲೀಮಿನಲ್ಲಿ ನಿಜವಾದ ಪರೀಕ್ಷೆಗೆ ಒಳಗಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಕೆಳಗೆ ನಿಂತು ಕೆಲಸ ಮಾಡುವವರ ಕೈಬೆರಳುಗಳು. ಬೋಲ್ಟು ಸಡಿಲವಾಗದಂತೆ ಅದರ ತಲೆಯ ರಂಧ್ರದಲ್ಲಿ ಸಣ್ಣ ಉಕ್ಕಿನ ತಂತಿಯನ್ನು ಪೋಣಿಸಿ ಹುರಿಗೊಳಿಸುವ ಕೆಲಸವನ್ನೇ ನೋಡಿ. ಲೋಹಗಾಂವ್‌ನಲ್ಲಿ ಅದು ಕೆಲವೇ ನಿಮಿಷಗಳ ಕೆಲಸ. ಮೈನಸ್ 30 ಡಿಗ್ರಿಯಲ್ಲಿ ದಪ್ಪ ಕೈಗವಸು ತೊಟ್ಟರೆ ತಂತಿ ಬೆರಳಿಗೆ ಸಿಗುವುದೇ ಇಲ್ಲ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಒಳಗೆ ತೆಳುವಾದ ಇನ್ನೊಂದು ಕೈಗವಸು ತೊಟ್ಟು, ದಪ್ಪನೆಯದನ್ನು ತುಸು ಹೊತ್ತು ಕಳಚಿ, ತಂತಿಯನ್ನು ಒಂದೆರಡು ಸುತ್ತು ತಿರುಗಿಸಿ, ಬೆರಳು ಜೋಮು ಹಿಡಿಯುವ ಮೊದಲೇ ಮತ್ತೆ ಒಳಸೇರಿಸಬೇಕು. ಅಷ್ಟರಲ್ಲಿ ಜೊತೆಯವನು ಅಲ್ಲಿಂದ ಮುಂದುವರಿಸುತ್ತಾನೆ. ಇಂಧನ ತುಂಬುವವನಿಗೆ ಇನ್ನೂ ಒಂದು ಅಪಾಯ ಉಂಟು: ಅಷ್ಟು ಚಳಿಯಲ್ಲಿಯೂ ದ್ರವವಾಗಿಯೇ ಉಳಿದ ಇಂಧನ ಕೈಮೇಲೆ ಚೆಲ್ಲಿದರೆ, ಚರ್ಮವೇ ಹೆಪ್ಪುಗಟ್ಟುವ ಹಿಮಕಡಿತ ತಕ್ಷಣವೇ ಆಗುತ್ತದೆ. ಪುಣೆಯ ಆಕಾಶದಲ್ಲಿ ಎಷ್ಟೇ ಮೇಲೆ ಹಾರಿದರೂ ಈ ಪಾಠ ಸಿಗುವಂತಿಲ್ಲ.

ಪ್ರಶ್ನೆ: ಪ್ರತಿಯೊಂದು ದೇಶವೂ ತನ್ನ ಪೈಲಟ್‌ಗಳಿಗೆ ತನ್ನಲ್ಲಿಯೇ ತರಬೇತಿ ಕೊಡಬಹುದಲ್ಲ? ಇಷ್ಟು ಖರ್ಚು ಮಾಡಿ ಬೇರೆ ದೇಶದವರ ಜೊತೆ ಸೇರಿ ಕಲಿಯುವುದಾದರೂ ಏನನ್ನು? ನಮ್ಮವರು ಅಲಾಸ್ಕಾಕ್ಕೆ ಹೋದದ್ದು ಚಳಿಗಾಗಿಯೇ?
— ಶಿಕ್ಷಕಿ, ಡೊಂಬಿವಲಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಬಹುಮಟ್ಟಿಗೆ ಚಳಿಗಾಗಿ ಅಲ್ಲ. ಅಲಾಸ್ಕಾದ ಐಲ್ಸನ್ ವಾಯುನೆಲೆಯಲ್ಲಿ ನಡೆದ, ಅಮೆರಿಕ ವಾಯುಪಡೆಯ ರೆಡ್ ಫ್ಲ್ಯಾಗ್ ಸಮರಾಭ್ಯಾಸದಲ್ಲಿ ನಮ್ಮ ರಫೇಲ್‌ಗಳು ಪಾಲ್ಗೊಂಡದ್ದು 2024ರ ಜೂನ್‌ನಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ. ಅದಕ್ಕೂ ಹಿಂದೆ 2004ರಲ್ಲಿ ಜಾಗ್ವಾರ್‌ಗಳು, 2016ರ ಏಪ್ರಿಲ್–ಮೇನಲ್ಲಿ ನಾಲ್ಕು ಸುಖೋಯ್ ಹಾಗೂ ನಾಲ್ಕು ಜಾಗ್ವಾರ್‌ಗಳು ಅಲ್ಲಿಗೆ ಹೋಗಿದ್ದವು. ಐಲ್ಸನ್ ಆರ್ಕ್ಟಿಕ್ ವೃತ್ತದಿಂದ ಸ್ವಲ್ಪ ದಕ್ಷಿಣಕ್ಕೇ ಇದೆ. ಅಲ್ಲಿನ ಆಕರ್ಷಣೆ ಚಳಿಗಿಂತ ಹೆಚ್ಚಾಗಿ ವಿಸ್ತಾರ: ತಾಲೀಮಿಗೆಂದು ಮೀಸಲಾದ ಆಕಾಶ 1,70,000 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಕರ್ನಾಟಕಕ್ಕಿಂತ ತುಸು ಕಡಿಮೆ. ಈ ಸಮರಾಭ್ಯಾಸ ಹುಟ್ಟಿದ್ದೇ ಉಷ್ಣವಲಯದಲ್ಲಿ ಎಂಬುದು ಸ್ವಾರಸ್ಯಕರ. ಫಿಲಿಪ್ಪೀನ್ಸ್‌ನ ಕ್ಲಾರ್ಕ್ ನೆಲೆಯಲ್ಲಿ ಕೋಪ್ ಥಂಡರ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಅದು, 1991ರ ಜೂನ್‌ನಲ್ಲಿ ಪಿನಟುಬೊ ಜ್ವಾಲಾಮುಖಿ ಸಿಡಿದು ಆ ನೆಲೆ ಬೂದಿಯಲ್ಲಿ ಮುಚ್ಚಿಹೋದ ಮೇಲೆ, 1992ರಲ್ಲಿ ಅಲಾಸ್ಕಾಕ್ಕೆ ವರ್ಗವಾಯಿತು. ಈಗಿನ ಹೆಸರು ಬಂದದ್ದು 2006ರಲ್ಲಿ.

ಒಟ್ಟಾಗಿ ಕಲಿಯುವುದೇನು ಎಂಬುದಕ್ಕೆ ಉತ್ತರ ಯುರೋಪಿನ ಉತ್ತರ ತುದಿಯಲ್ಲಿ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ. 2012ರ ಮಾರ್ಚ್ 15ರಂದು, ನಾರ್ವೆ ನಡೆಸುವ ಬಹುದೇಶೀಯ ಕೋಲ್ಡ್ ರೆಸ್ಪಾನ್ಸ್ ಸಮರಾಭ್ಯಾಸದ ವೇಳೆ, ನಾರ್ವೆಯ ಎವೆನೆಸ್‌ನಿಂದ ಸ್ವೀಡನ್ನಿನ ಕಿರುನಾಕ್ಕೆ ಹೊರಟ ನಾರ್ವೆಯ ಸಿ-130ಜೆ ಸಾಗಣೆ ವಿಮಾನವೊಂದು, ಸ್ವೀಡನ್ನಿನ ಅತಿ ಎತ್ತರದ ಪರ್ವತವಾದ ಕೆಬ್ನೆಕೈಸೆಗೆ ಮೋಡದೊಳಗೆ ನೇರವಾಗಿ ಬಡಿದು, ಅದರಲ್ಲಿದ್ದ ಐವರೂ ಸತ್ತರು. ವಿಮಾನದಲ್ಲಿ ದೋಷವಿರಲಿಲ್ಲ. ಸ್ವೀಡನ್ನಿನ ಸಂಚಾರ ನಿಯಂತ್ರಕರು ಪರ್ವತದ ಎತ್ತರಕ್ಕೆ ಸಾಲದ ಮಟ್ಟಕ್ಕೆ ಇಳಿಯಲು ಅನುಮತಿ ಕೊಟ್ಟರು; ನಾರ್ವೆಯ ಸಿಬ್ಬಂದಿ ಆ ಮಟ್ಟ ಸುರಕ್ಷಿತವೇ ಎಂದು ತಾವಾಗಿ ಪರೀಕ್ಷಿಸಿಕೊಳ್ಳಲಿಲ್ಲ; ತನಿಖೆ ಎರಡೂ ಕಡೆಯ ಕಾರ್ಯವಿಧಾನದಲ್ಲಿ ಕೊರತೆ ಕಂಡಿತು. ಗಡಿಯ ಎರಡೂ ಬದಿಯವರು ಅನುಮತಿ ಎಂಬ ಮಾತಿಗೆ ಒಂದೇ ಅರ್ಥ ಹಚ್ಚಬೇಕಾದುದು ಎಷ್ಟು ಮುಖ್ಯವೆಂದು ತಿಳಿಸಲು ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್, 2024ರ ಮಾರ್ಚ್‌ನಲ್ಲಿ ಸ್ವೀಡನ್ ನ್ಯಾಟೊ ಸೇರಿದ ಮೇಲೆ, ಎಂಟು ಆರ್ಕ್ಟಿಕ್ ದೇಶಗಳಲ್ಲಿ ರಷ್ಯಾ ಹೊರತು ಉಳಿದ ಏಳೂ ಒಂದೇ ಒಕ್ಕೂಟದಲ್ಲಿವೆ. ಆದ್ದರಿಂದ ಒಂದು ದೇಶದ ವಿಮಾನ ಇನ್ನೊಂದು ದೇಶದ ನೆಲದಲ್ಲಿ ಇಳಿದರೆ ಅಲ್ಲಿನ ಸಿಬ್ಬಂದಿಯೇ ಇಂಧನ ತುಂಬಿ ಕಳಿಸಬಲ್ಲವರಾಗಿರಬೇಕು ಎಂಬುದು ಅವರ ತಾಲೀಮಿನ ದೊಡ್ಡ ಭಾಗವಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಎಫ್-35 ಯುದ್ಧವಿಮಾನಗಳು ಫಿನ್ಲೆಂಡಿನ ಟೆರ್ವೊ ಎಂಬಲ್ಲಿ ಹೆದ್ದಾರಿಯ ಮೇಲೆಯೇ ಇಳಿದು, ಎಂಜಿನ್ ಆರಿಸದೆ ಇಂಧನ ತುಂಬಿಸಿಕೊಂಡು ಮತ್ತೆ ಹಾರಿದವು. ನಾರ್ವೆಯ ಎಫ್-35ಗಳ ಹಿಂಬದಿಯಲ್ಲಿ, ಹಿಮಗಟ್ಟಿದ ರನ್‌ವೇಯಲ್ಲಿ ವೇಗ ತಗ್ಗಿಸಲೆಂದು, ಪ್ಯಾರಾಚೂಟ್ ಒಂದನ್ನು ಅಳವಡಿಸಲಾಗಿದೆ. ಅಮೆರಿಕದ ಎಫ್-35ಗಳಲ್ಲಿ ಅದು ಇಲ್ಲ. ಅಂಥ ವ್ಯತ್ಯಾಸಗಳು ಕಾಗದದ ಮೇಲೆ ಸಣ್ಣವಾಗಿ ಕಂಡರೂ ನೆಲಸಿಬ್ಬಂದಿಯ ಪಾಲಿಗೆ ಸಣ್ಣವಲ್ಲ.

ಪ್ರಶ್ನೆ: ಸಿಯಾಚಿನ್, ಲೇಹ್, ದೌಲತ್ ಬೇಗ್ ಓಲ್ಡಿಗಳಲ್ಲಿ ದಶಕಗಳಿಂದ ಹಾರಾಟ ನಡೆಸುತ್ತಿರುವ ನಮ್ಮವರಿಗೆ ಹಿಮದ ಬಗ್ಗೆ ಬೇರೆಯವರು ಕಲಿಸುವಂಥದ್ದು ಏನಿದೆ?
— ನೌಕಾಪಡೆಯ ನಿವೃತ್ತರು, ವಾಸ್ಕೊ

ಉತ್ತರ: ನಿಮ್ಮ ಮಾತಿನ ಹಿಂದಿನ ಅಭಿಮಾನ ನ್ಯಾಯವಾದದ್ದೇ, 2013ರ ಆಗಸ್ಟ್‌ನಲ್ಲಿ ಲಡಾಖಿನ 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಸಿ-130ಜೆ ವಿಮಾನವನ್ನು ಇಳಿಸಿದ್ದು ನಮ್ಮವರೇ. ಆದರೆ ಎರಡು ಚಳಿಗಳ ಗುಣ ಬೇರೆ. ದೌಲತ್ ಬೇಗ್ ಓಲ್ಡಿಯ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇಕಡ 60ರಷ್ಟು ಮಾತ್ರ; ಎಂಜಿನ್ನಿಗೆ ಉಸಿರು ಸಾಲದು, ಹೆಲಿಕಾಪ್ಟರಿನ ರೋಟರಿಗೆ ಹಿಡಿತ ಸಿಗದು, ಹೊರೆ ಕಡಿಮೆ ಮಾಡುವುದೊಂದೇ ದಾರಿ. ಸಮುದ್ರಮಟ್ಟದಲ್ಲಿ ಮೈನಸ್ 40 ಡಿಗ್ರಿ ಇದ್ದರೆ ಗಾಳಿ ಮಾಮೂಲಿಗಿಂತ ಸುಮಾರು ಕಾಲು ಭಾಗ ಹೆಚ್ಚು ದಟ್ಟವಾಗಿರುತ್ತದೆ. ಅಲ್ಲಿ ವಿಮಾನ ಸಲೀಸಾಗಿ ಮೇಲೇರುತ್ತದೆ. ತೊಡಕು ಬೇರೆ ಕಡೆ ಬರುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಅಲ್ಟಿಮೀಟರ್ ತೀವ್ರ ಚಳಿಯಲ್ಲಿ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ: ನೆಲದಲ್ಲಿ ಮೈನಸ್ 30 ಡಿಗ್ರಿ ಇರುವಾಗ ನೆಲದಿಂದ 1,000 ಅಡಿ ಮೇಲಿದ್ದೇನೆಂದು ನಂಬಿದ ಪೈಲಟ್ ನಿಜವಾಗಿ ಅದಕ್ಕಿಂತ ಸುಮಾರು 190 ಅಡಿ ಕೆಳಗಿರುತ್ತಾನೆ. ಧ್ರುವದ ಹತ್ತಿರ ಕಾಂತದಿಕ್ಸೂಚಿ ನಂಬಿಕೆಗೆ ಅನರ್ಹವಾಗುತ್ತದೆ, ಸಮಭಾಜಕ ವೃತ್ತದ ಮೇಲೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ದಿಗಂತದ ಅಂಚಿಗೆ ಇಳಿದಿರುವುದರಿಂದ ಸಂಪರ್ಕ ದುರ್ಬಲವಾಗುತ್ತದೆ, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ನಾರ್ವೆಯ ಉತ್ತರದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಎತ್ತರದ ಪಾಠದಲ್ಲಿ ನಾವೇ ಗುರುಗಳೆನ್ನಲು ಸಂಕೋಚಪಡಬೇಕಿಲ್ಲ. ಅಕ್ಷಾಂಶದ ಪಾಠ ಮಾತ್ರ ಹಿಮಾಲಯದಲ್ಲಿ ಸಿಗದು.

ಪ್ರಶ್ನೆ: ನಮ್ಮೂರು ಬೆಳಗಾವಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು ಅಲಾಸ್ಕಾಕ್ಕೆ ಹೋಗಿದ್ದರೆಂದು ಕೇಳಿದ್ದೇನೆ. ಕಾಲಾಳು ಪಡೆಗೂ ಹೆಲಿಕಾಪ್ಟರ್ ತಾಲೀಮಿಗೂ ಏನು ಸಂಬಂಧ?
— ಎಂಜಿನಿಯರ್, ಪಿಂಪ್ರಿ

ಉತ್ತರ: ಹೋಗಿದ್ದು ನಿಜ. 2023ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 8ರವರೆಗೆ ಅಲಾಸ್ಕಾದ ಫೋರ್ಟ್ ವೇನ್‌ರೈಟ್‌ನಲ್ಲಿ ನಡೆದ, ಭಾರತ–ಅಮೆರಿಕ ಭೂಸೇನೆಗಳ ಜಂಟಿ ತಾಲೀಮಾದ ಯುದ್ಧ ಅಭ್ಯಾಸ್‌ನಲ್ಲಿ ಭಾರತದ 350 ಮಂದಿ ಪಾಲ್ಗೊಂಡರು. ಮುಖ್ಯ ಬೆಟಾಲಿಯನ್ ನಿಮ್ಮೂರಿನಲ್ಲಿ ಕೇಂದ್ರವಿರುವ ಅದೇ ರೆಜಿಮೆಂಟಿನದು. 2025ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ರೆಜಿಮೆಂಟಿನವರು ಅಲ್ಲಿಗೇ ಹೋದಾಗ ಹೆಲಿಕಾಪ್ಟರ್‌ಗಳಿಂದ ಇಳಿದು ಕಾರ್ಯಾಚರಣೆ ನಡೆಸುವುದೂ ಅಭ್ಯಾಸದ ಭಾಗವಾಗಿತ್ತು.

ಸಂಬಂಧ ಹೇಗೆಂಬುದನ್ನು ಬಾರ್ಡುಫಾಸ್ ಚೆನ್ನಾಗಿ ತೋರಿಸುತ್ತದೆ. ನಾರ್ವೆಯಲ್ಲಿ 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ನೆಲೆಗೆ ಬ್ರಿಟನ್ನಿನ ಕಮಾಂಡೊ ಹೆಲಿಕಾಪ್ಟರ್ ಪಡೆಗಳು ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪ್ರತಿ ಚಳಿಗಾಲ ಬರುತ್ತಿವೆ; ಆ ತಾಲೀಮಿನ ಹೆಸರು ಕ್ಲಾಕ್‌ವರ್ಕ್. ಪೈಲಟ್ಟಾಗಲಿ ಮೆಕ್ಯಾನಿಕ್ಕಾಗಲಿ ಮೊದಲು ಕಲಿಯುವುದು ಬದುಕಿ ಉಳಿಯುವುದನ್ನು: ಹಿಮದಲ್ಲಿ ಗುಂಡಿ ತೋಡಿ ಮಲಗುವುದು, ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ಕಿಂಡಿಯೊಳಗೆ ಧುಮುಕಿ ತಾನಾಗಿ ಮೇಲೆದ್ದು ಬರುವುದು. ಹಾರಾಟ ಅದರ ನಂತರ.

ಹಿಮದ ಮೇಲೆ ಇಳಿಯುವಾಗ ರೋಟರಿನ ಗಾಳಿಗೆ ಪುಡಿಹಿಮ ಎದ್ದು ಹೆಲಿಕಾಪ್ಟರನ್ನೇ ಮುಚ್ಚುತ್ತದೆ, ಪೈಲಟ್ಟಿಗೆ ನೆಲ ಯಾವುದು ಆಕಾಶ ಯಾವುದು ಎಂಬುದೇ ತಿಳಿಯದಾಗುತ್ತದೆ. ಹಿಂಬದಿಯ ಬಾಗಿಲಿನಿಂದ ತಲೆ ಹೊರಹಾಕಿದ ಸಿಬ್ಬಂದಿ, ಹಿಮದ ಮೋಡ ಬಾಲಕ್ಕೆ ಬಂತು, ಬಾಗಿಲಿಗೆ ಬಂತು ಎಂದು ಒಂದೊಂದಾಗಿ ಕೂಗಿ ಹೇಳುತ್ತಾನೆ. ಅದು ಕಾಕ್‌ಪಿಟ್ಟನ್ನು ಮುಟ್ಟುವ ಮೊದಲೇ ಪೈಲಟ್ ನೆಲದ ಮೇಲಿನ ಒಂದು ಕಪ್ಪು ಗುರುತಿನ ಮೇಲೆ ಕಣ್ಣು ನೆಟ್ಟಿರಬೇಕು. ಬಿಳಿಯ ಬಯಲಿನಲ್ಲಿ ಮರವೂ ಬಂಡೆಯೂ ಇಲ್ಲದ ಕಡೆ ಆ ಗುರುತು ಯಾವುದೆಂದರೆ, ಹೆಲಿಕಾಪ್ಟರಿಗಾಗಿ ಕಾದು ಬೆನ್ನುಚೀಲಗಳ ಜೊತೆ ಒತ್ತೊತ್ತಾಗಿ ಕುಕ್ಕರಗಾಲಲ್ಲಿ ಕುಳಿತ ಸೈನಿಕರ ಗುಂಪೇ. ತಲೆಯ ಮೇಲೆ ರೋಟರ್ ತಿರುಗುತ್ತಿದ್ದರೂ ಅವರು ಮಿಸುಕಬಾರದು. ಹೆಲಿಕಾಪ್ಟರ್ ಅವರ ಪಕ್ಕದಲ್ಲೇ ಬಂದು ಇಳಿಯುತ್ತದೆ. ಬೇರೆ ದೇಶದ ಪೈಲಟ್, ಬೇರೆ ಭಾಷೆಯ ಕಾಲಾಳು ಈ ನಂಬಿಕೆಯನ್ನು ಯುದ್ಧದ ದಿನ ಹೊಸದಾಗಿ ಬೆಳೆಸಿಕೊಳ್ಳಲಾಗದು. ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಪ್ರಶ್ನೆ: ಆರ್ಕ್ಟಿಕ್‌ನಲ್ಲಿ ಭಾರತಕ್ಕೆ ಹಿಮಾದ್ರಿ ಎಂಬ ನೆಲೆಯಿದೆಯಲ್ಲ, ನಮ್ಮ ವಾಯುಪಡೆ ಅಲ್ಲಿಯೇ ತಾಲೀಮು ನಡೆಸಬಹುದಲ್ಲವೆ?
— ಕಾಲೇಜು ವಿದ್ಯಾರ್ಥಿ, ಮಡಗಾಂವ್

ಉತ್ತರ: ನಡೆಸುವಂತಿಲ್ಲ. ಹಿಮಾದ್ರಿ 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿ ಆರಂಭವಾದ ವಿಜ್ಞಾನ ಕೇಂದ್ರ; ಅದನ್ನು ನಡೆಸುವುದು ನಿಮ್ಮ ರಾಜ್ಯದ ವಾಸ್ಕೊದಲ್ಲಿಯೇ ಇರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 1920ರ ಸ್ವಾಲ್ಬಾರ್ಡ್ ಒಪ್ಪಂದ ಆ ದ್ವೀಪಗಳನ್ನು ಯುದ್ಧದ ಉದ್ದೇಶಗಳಿಗೆ ಬಳಸುವುದನ್ನು ನಿಷೇಧಿಸುತ್ತದೆ, ಭಾರತವೂ ಅದಕ್ಕೆ ಬದ್ಧವಾಗಿದೆ. ನಮ್ಮ ಪಡೆಗಳಿಗೆ ಆರ್ಕ್ಟಿಕ್ ತಾಲೀಮು ಬೇಕೆಂದರೆ ಅಲಾಸ್ಕಾದಂತೆ ಬೇರೊಂದು ದೇಶದ ಆಹ್ವಾನದ ಮೇಲೆ ಅದರ ನೆಲಕ್ಕೆ ಹೋಗಬೇಕು.